ಜಾವಾ ಭಾಷೆಯ ಬಿಡುಗಡೆ: ಶಾಸ್ತ್ರದಾನದ ದೃಷ್ಟಿಯಿಂದ ಒಂದು ವಿಚಾರ

ದಾನವೆಂದರೇನು ಎಂಬ ಪ್ರಶ್ನೆಗೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕೊಟ್ಟಿರುವ ಉತ್ತರ ಬಹು ಚಿಕ್ಕದು. ಆದರೆ ಅದರಲ್ಲಿ ಅಡಕವಾಗಿರುವ ಎರಡು ಸಂಗತಿಗಳು ಬಹು ದೊಡ್ಡವು. ಕೊಡುವ ವಸ್ತು ಕೊಡುವವನ ಸ್ವಂತದ್ದಾಗಿರಬೇಕೆಂಬುದು ಒಂದು. ಅದನ್ನು ಅನುಗ್ರಹಕ್ಕಾಗಿ, ಎಂದರೆ ಹಿತಕ್ಕಾಗಿ, ಬಿಟ್ಟುಕೊಟ್ಟಿರಬೇಕೆಂಬುದು ಮತ್ತೊಂದು. ಅಲ್ಲಿಂದ ಮುಂದೆ, ಎಲ್ಲ ದಾನವೂ ಸಮಾನವಲ್ಲವೆಂದೂ, ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದಲ್ಲಿ ತಾರತಮ್ಯ ಉಂಟಾಗುವುದೆಂದೂ ಆಚಾರ್ಯರು ತಿಳಿಸುತ್ತಾರೆ.

ಈ ನಾಲ್ಕು ಅಂಗಗಳನ್ನು ಆಹಾರ, ಔಷಧ, ಅಭಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಿಗೆ ಅನ್ವಯಿಸಿ ವಿವರಿಸುವುದು ಪರಂಪರೆಯಿಂದ ಬಂದ ಕ್ರಮ. ಇಂದು ಶಾಸ್ತ್ರವೆಂಬ ಶಬ್ದದ ಲೌಕಿಕ ವ್ಯಾಪ್ತಿಯೊಳಗೆ ಹೊಸದೊಂದು ವಸ್ತು ಸೇರಿಕೊಂಡಿದೆ. ಬ್ಯಾಂಕಿನ ಲೆಕ್ಕವನ್ನೂ ಆಸ್ಪತ್ರೆಯ ದಾಖಲೆಯನ್ನೂ ನಡೆಸುತ್ತಿರುವ ಗಣಕಯಂತ್ರದ ತಂತ್ರಾಂಶವೇ ಅದು. ಅನೇಕ ಶ್ರಾವಕರ ಮನೆಗಳ ಮಕ್ಕಳು ಅದನ್ನು ಬರೆಯುವ ಉದ್ಯೋಗದಲ್ಲಿಯೇ ಇದ್ದಾರೆ. ಅಂತಹ ತಂತ್ರಾಂಶವೊಂದನ್ನು ಅದರ ಒಡೆಯರು ಲೋಕಕ್ಕೆ ಬಿಟ್ಟುಕೊಟ್ಟ ದೊಡ್ಡ ಪ್ರಸಂಗವು 2006ನೆಯ ನವೆಂಬರ್ 13ರಂದು ಅಮೆರಿಕದಲ್ಲಿ ನಡೆಯಿತು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆಯು ತನ್ನ ಜಾವಾ ಎಂಬ ಗಣಕಭಾಷೆಯ ಮೂಲಪಾಠವನ್ನು ಮುಕ್ತಗೊಳಿಸಲು ಆರಂಭಿಸಿದ ದಿನವದು. ಅದು ಕೇವಲ ವ್ಯಾಪಾರದ ಸುದ್ದಿಯಲ್ಲ. ಕೊಡುವುದು ಎಷ್ಟು ಕಠಿಣವೆಂಬುದಕ್ಕೂ, ಕೊಟ್ಟ ಮೇಲೆಯೂ ಏನೇನು ಉಳಿದುಕೊಳ್ಳುವುದೆಂಬುದಕ್ಕೂ ಅದೊಂದು ನಿದರ್ಶನ. ಲೌಕಿಕ ತಂತ್ರಾಂಶವನ್ನು ಆಗಮದ ಪಕ್ಕದಲ್ಲಿ ಇಡುವುದು ಇಲ್ಲಿನ ಉದ್ದೇಶವಲ್ಲ. ಲೌಕಿಕ ಪ್ರಸಂಗವೊಂದನ್ನು ಆಗಮದ ಬೆಳಕಿನಲ್ಲಿ ನೋಡುವುದಷ್ಟೇ ಉದ್ದೇಶ.

ಜಾವಾ ಭಾಷೆಯ ಹುಟ್ಟು 1991ರಲ್ಲಿ ಸನ್ ಸಂಸ್ಥೆಯೊಳಗೆ ಆರಂಭವಾದ ಒಂದು ಚಿಕ್ಕ ಯೋಜನೆಯಲ್ಲಿದೆ. ಜೇಮ್ಸ್ ಗಾಸ್ಲಿಂಗ್ ಎಂಬ ವಿಜ್ಞಾನಿ ಅದರ ಮುಖ್ಯ ಶಿಲ್ಪಿ. ಮೊದಲು ಓಕ್ ಎಂಬ ಮರದ ಹೆಸರನ್ನು ಪಡೆದಿದ್ದ ಈ ಭಾಷೆ, ಜಾವಾ ಎಂಬ ಹೊಸ ಹೆಸರಿನಿಂದ 1995ರ ಮೇ ತಿಂಗಳಿನಲ್ಲಿ ಲೋಕಕ್ಕೆ ಪರಿಚಿತವಾಯಿತು. ಅದರ ವೈಶಿಷ್ಟ್ಯ ಸರಳವಾದುದು. ಅದಕ್ಕೆ ಮೊದಲಿನ ಅನೇಕ ಭಾಷೆಗಳಲ್ಲಿ ಬರೆದ ಕ್ರಮವಿಧಿಯನ್ನು ಒಂದೊಂದು ಬಗೆಯ ಯಂತ್ರಕ್ಕೂ ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗಿತ್ತು. ಜಾವಾದಲ್ಲಿ ಹಾಗಲ್ಲ. ಬರೆದುದನ್ನು ಕಂಪೈಲರ್ ಎಂಬ ಅನುವಾದಕವು ಒಂದು ಮಧ್ಯಮ ರೂಪಕ್ಕೆ ತರುತ್ತದೆ. ಆ ರೂಪವನ್ನು ಪ್ರತಿಯೊಂದು ಯಂತ್ರದಲ್ಲಿಯೂ ಇರುವ ವರ್ಚುವಲ್ ಮಷೀನ್ ಎಂಬ ವ್ಯವಸ್ಥೆಯು ಓದಿ ನಡೆಸುತ್ತದೆ. ಒಮ್ಮೆ ಬರೆದುದು ಎಲ್ಲೆಡೆಯೂ ನಡೆಯುವುದೆಂಬ ಈ ಭರವಸೆಯಿಂದ ಜಾವಾ ಕೆಲವೇ ವರ್ಷಗಳಲ್ಲಿ ಜಗತ್ತಿನ ಪ್ರಮುಖ ಭಾಷೆಗಳಲ್ಲೊಂದಾಯಿತು.

ಆ ದಿನಗಳಲ್ಲಿಯೂ ಜಾವಾವನ್ನು ಹಣ ಕೊಡದೆಯೇ ಪಡೆಯಬಹುದಾಗಿತ್ತು. ಹಾಗಿದ್ದ ಮೇಲೆ 2006ರಲ್ಲಿ ಬಿಡುಗಡೆಯಾದುದು ಏನು ಎಂಬ ಸಂದೇಹ ಸಹಜ. ತಂತ್ರಾಂಶಕ್ಕೆ ಎರಡು ರೂಪಗಳಿರುತ್ತವೆ. ಯಂತ್ರವು ನಡೆಸುವ ರೂಪವೊಂದು. ಅದು ಸಂಖ್ಯೆಗಳ ರಾಶಿ, ಮನುಷ್ಯನು ಓದಿ ತಿಳಿಯಲು ಬಹಳ ಕಷ್ಟವಾದುದು. ಮನುಷ್ಯನು ಬರೆದ, ಮನುಷ್ಯನೇ ಓದಿ ತಿದ್ದಬಲ್ಲ ರೂಪ ಇನ್ನೊಂದು. ಅದಕ್ಕೆ ಸೋರ್ಸ್ ಕೋಡ್, ಎಂದರೆ ಮೂಲಪಾಠ, ಎಂದು ಹೆಸರು. ಸನ್ ಸಂಸ್ಥೆಯು ಮೊದಲಿನದನ್ನು ಉಚಿತವಾಗಿ ಹಂಚುತ್ತಿತ್ತು. ಎರಡನೆಯದನ್ನು ನೋಡಲು ಕೂಡ ತಕ್ಕಮಟ್ಟಿನ ಅವಕಾಶವಿತ್ತು. ಆದರೆ ಅದನ್ನು ತಿದ್ದಿ, ತಿದ್ದಿದ್ದನ್ನು ನೆರೆಯವರಿಗೆ ಹಂಚುವ ಸ್ವಾತಂತ್ರ್ಯವಿರಲಿಲ್ಲ. ಸಂಸ್ಥೆಯ ಪರವಾನಗಿಯ ಷರತ್ತುಗಳು ಅದಕ್ಕೆ ಅಡ್ಡವಾಗಿದ್ದವು. ಬೆಲೆಯಿಲ್ಲದಿರುವುದು ಬೇರೆ, ಬಂಧವಿಲ್ಲದಿರುವುದು ಬೇರೆ.

ಈ ಭೇದವನ್ನು ಜೈನ ಸಮಾಜಕ್ಕೆ ಬಿಡಿಸಿ ಹೇಳಬೇಕಾದುದಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಹಳೆಗನ್ನಡ ಲಿಪಿಯಲ್ಲಿ ಬರೆದ ಆ ಓಲೆಗಳನ್ನು ಯಾತ್ರಿಕರು ಭಕ್ತಿಯಿಂದ ದರ್ಶನ ಮಾಡುತ್ತಿದ್ದರು. ದರ್ಶನಕ್ಕೆ ಅಡ್ಡಿಯಿರಲಿಲ್ಲ, ಅಧ್ಯಯನಕ್ಕೂ ಪ್ರತಿ ಮಾಡುವುದಕ್ಕೂ ಅವಕಾಶ ಸುಲಭವಾಗಿ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಗಳನ್ನು ಮಾಡಿಸುವ ಕಾರ್ಯ ಆರಂಭವಾಯಿತು, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟ ಮುದ್ರಣವಾಗಿ ಬಂದುದು 1939ರಲ್ಲಿ. ಅದುವರೆಗೆ ಆ ಮಹಾಗ್ರಂಥ ಕಣ್ಣಿಗೆ ಕಾಣುತ್ತಿದ್ದರೂ ಬುದ್ಧಿಗೆ ಎಟುಕದೆ ಉಳಿದಿತ್ತು.

ಹಾಗೆಂದು ಕಾಪಾಡಿದವರನ್ನು ಲೋಭಿಗಳೆಂದು ಜರೆಯುವುದು ಅನ್ಯಾಯ. ಜಗತ್ತಿನಲ್ಲಿ ಬೇರೆಲ್ಲಿಯೂ ಉಳಿಯದಿದ್ದ ಓಲೆಗಳು ಅಲ್ಲಿ ಉಳಿದುದು ಆ ಬಿಗಿಯಾದ ಕಾವಲಿನಿಂದಲೇ. ಅಪಾತ್ರರ ಕೈಗೆ ಬಿದ್ದರೆ ಪಾಠ ಕೆಡುವುದು, ಓಲೆ ನಾಶವಾಗುವುದು ಎಂಬ ಅವರ ಭಯ ನಿರಾಧಾರವಾದುದಲ್ಲ.

ಸನ್ ಸಂಸ್ಥೆಯ ಭಯವೂ ಹೆಚ್ಚುಕಡಿಮೆ ಅಂತಹುದೇ. ಜಾವಾದ ಬೆಲೆಯೆಲ್ಲ ಇದ್ದುದು ಅದು ಎಲ್ಲೆಡೆಯೂ ಒಂದೇ ಆಗಿರುವುದರಲ್ಲಿ. ಬಲಾಢ್ಯ ಸಂಸ್ಥೆಯೊಂದು ಅದನ್ನು ತನ್ನ ಯಂತ್ರಗಳಿಗೆ ಮಾತ್ರ ಹೊಂದುವಂತೆ ತಿದ್ದಿ ಹಂಚಿದರೆ, ಜಾವಾ ಎಂಬ ಹೆಸರಿನಲ್ಲಿಯೇ ಹಲವು ಭಾಷೆಗಳಾಗಿ ಒಡೆದುಹೋಗುವ ಸಂಭವವಿತ್ತು. ಇದು ಬರಿಯ ಊಹೆಯಾಗಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ಒಪ್ಪಂದಕ್ಕೆ ವಿರುದ್ಧವಾಗಿ ಹೊಂದಾಣಿಕೆಯಿಲ್ಲದ ಜಾವಾವನ್ನು ಹಂಚುತ್ತಿದೆಯೆಂದು ಸನ್ 1997ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಡಲು ಒಪ್ಪಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಇಂತಹ ಅನುಭವವಾದ ಒಡೆಯನು ಬಾಗಿಲನ್ನು ಇನ್ನಷ್ಟು ಭದ್ರಪಡಿಸಿದರೆ ಆಶ್ಚರ್ಯವಿಲ್ಲ.

ಆದರೆ ಬಾಗಿಲಿನ ಹೊರಗೆ ನಿಂತವರ ಕಷ್ಟವೂ ನಿಜವಾದುದೇ ಆಗಿತ್ತು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಎಂಬ ಯೋಜನೆಯಿಂದ ಮೊದಲ್ಗೊಂಡು, ತಂತ್ರಾಂಶವನ್ನು ಬಳಸುವ, ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನು ಹಂಚುವ ನಾಲ್ಕು ಸ್ವಾತಂತ್ರ್ಯಗಳು ಪ್ರತಿಯೊಬ್ಬನಿಗೂ ಇರಬೇಕೆಂಬ ಚಳವಳಿಯೊಂದು ಬೆಳೆದಿತ್ತು. ಈ ತತ್ತ್ವವನ್ನು ನಂಬಿ ತಮ್ಮ ಕೃತಿಗಳನ್ನು ಲೋಕಕ್ಕೆ ಕೊಡುತ್ತಿದ್ದ ಅನೇಕರು ಅವನ್ನು ಜಾವಾದಲ್ಲಿ ಬರೆಯುತ್ತಿದ್ದರು. ಆದರೆ ಆ ಕೃತಿಗಳು ನಡೆಯಬೇಕಾದರೆ ಸನ್ ಸಂಸ್ಥೆಯ ಬಂಧಿತ ತಂತ್ರಾಂಶ ಕೆಳಗಿರಬೇಕಾಗಿತ್ತು. ಸ್ವತಂತ್ರವಾಗಿ ಕೊಟ್ಟುದೂ ಪರಾಧೀನವಾಗುವ ಈ ಸ್ಥಿತಿಯನ್ನು ಸ್ಟಾಲ್‌ಮನ್ ಅವರು 2004ರಲ್ಲಿ ಬರೆದ ಲೇಖನವೊಂದರಲ್ಲಿ ಬೋನಿಗೆ ಹೋಲಿಸಿ ಎಚ್ಚರಿಸಿದರು.

ಹೊರಗೆ ನಿಂತವರಲ್ಲಿ ಕೆಲವರು ಕೂಗಿ ಕೇಳಿದರು; ಕೆಲವರು ಮೌನವಾಗಿ ದುಡಿದರು. ಈ ಎರಡನೆಯವರ ನಡತೆಯಲ್ಲಿ ಅಣುವ್ರತಗಳನ್ನು ಬಲ್ಲವರು ಮೆಚ್ಚತಕ್ಕ ಅಂಶವೊಂದಿದೆ. 1998ರಲ್ಲಿ ಆರಂಭವಾದ ಗ್ನೂ ಕ್ಲಾಸ್‌ಪಾತ್ ಎಂಬ ಯೋಜನೆಯವರು ಜಾವಾಕ್ಕೆ ಬೇಕಾದ ಗ್ರಂಥಾಲಯವನ್ನು, ಎಂದರೆ ಸಿದ್ಧ ಭಾಗಗಳ ಸಂಗ್ರಹವನ್ನು, ಮೊದಲಿನಿಂದ ತಾವೇ ಬರೆಯಲು ತೊಡಗಿದರು. ಸನ್ ಸಂಸ್ಥೆಯ ಮೂಲಪಾಠವನ್ನು ನೋಡಿದವರು ಅದಕ್ಕೆ ಸಂಬಂಧಿಸಿದ ಭಾಗವನ್ನು ಬರೆಯಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಪ್ರಕಟವಾಗಿದ್ದ ವಿವರಣೆಯನ್ನು ಓದಿ, ಯಾವ ಕೆಲಸ ಆಗಬೇಕೆಂಬುದನ್ನು ತಿಳಿದುಕೊಂಡು, ಅದನ್ನು ಸಾಧಿಸುವ ಬಗೆಯನ್ನು ಸ್ವಂತ ಬುದ್ಧಿಯಿಂದ ಕಂಡುಕೊಳ್ಳಬೇಕು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯ ಎಂಬ ಲಕ್ಷಣವನ್ನು ಅವರು ಓದಿರಲಾರರು. ಆದರೂ ನಡೆದುಕೊಂಡುದು ಆ ಲಕ್ಷಣಕ್ಕೆ ಅನುಗುಣವಾಗಿ. ಕಾನೂನಿನ ಭಯವೂ ಅದಕ್ಕೆ ಕಾರಣವಾಗಿತ್ತೆಂಬುದು ನಿಜ. ಆದರೆ ಕಣ್ಣೆದುರಿಗೆ ದೊರೆಯುವಂತಿದ್ದುದನ್ನು ನೋಡದೆ ವರ್ಷಾನುಗಟ್ಟಲೆ ದುಡಿಯುವುದಕ್ಕೆ ಭಯವೊಂದೇ ಸಾಲದು.

ಇಲ್ಲಿ ಧವಲಾ ಗ್ರಂಥದ ಇತಿಹಾಸ ಮತ್ತೊಮ್ಮೆ ನೆನಪಾಗುವುದು. ಮೂಡಬಿದಿರೆಯಿಂದ ಒಂದು ಪ್ರತಿ ಕಾವಲುಗಾರರ ಒಪ್ಪಿಗೆಯಿಲ್ಲದೆಯೇ ಹೊರಗೆ ಹೋಯಿತೆಂಬುದನ್ನೂ, ಮುದ್ರಣದ ಮೊದಲ ಹಂತ ಅಂತಹ ಪ್ರತಿಗಳ ಪರಂಪರೆಯನ್ನೇ ಆಧರಿಸಿತ್ತೆಂಬುದನ್ನೂ ಬಲ್ಲವರು ಬಲ್ಲರು. ಬಳಿಕ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಉದಾರ ಮನಸ್ಸಿನಿಂದ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತರು; ಅದರಿಂದ ಗ್ರಂಥದ ಪಾಠ ಶುದ್ಧವಾಯಿತು. ಜ್ಞಾನ ಹೊರಬಂದುದು ಒಳ್ಳೆಯದಾಯಿತು ಎಂದು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ ಹೊರಬಂದ ದಾರಿಯ ಪ್ರಶ್ನೆ ಅದರಿಂದ ಅಳಿಸಿಹೋಗುವುದಿಲ್ಲ. ಫಲ ಒಳ್ಳೆಯದೆಂಬ ಕಾರಣದಿಂದ ವಿಧಿಯ ದೋಷ ಗುಣವಾಗದು. ಕಾವಲಿಗೆ ಕಾರಣವಿತ್ತೆಂದ ಮಾತ್ರಕ್ಕೆ ಕೊಡದಿರುವುದೂ ಗುಣವಾಗದು. ಕೊಡತಕ್ಕವನು ತಾನಾಗಿ ಕೊಡುವುದೇ ಈ ತೊಡಕಿಗೆ ಇರುವ ನೇರವಾದ ಪರಿಹಾರ.

ಸನ್ ಸಂಸ್ಥೆ ಕೊನೆಗೆ ಆ ದಾರಿಯನ್ನೇ ಹಿಡಿಯಿತು. ಜೊನಾಥನ್ ಶ್ವಾರ್ಟ್ಸ್ ಅವರು 2006ರ ಏಪ್ರಿಲಿನಲ್ಲಿ ಅದರ ಮುಖ್ಯಾಧಿಕಾರಿಯಾದರು. ಮರುತಿಂಗಳು ನಡೆದ ಜಾವಾ ಸಮ್ಮೇಳನದಲ್ಲಿ, ಜಾವಾವನ್ನು ಮುಕ್ತಗೊಳಿಸಬೇಕೇ ಎಂಬುದು ಇನ್ನು ಪ್ರಶ್ನೆಯಲ್ಲ, ಹೇಗೆ ಮುಕ್ತಗೊಳಿಸಬೇಕೆಂಬುದೇ ಪ್ರಶ್ನೆ ಎಂಬ ಅಭಿಪ್ರಾಯವನ್ನು ಸಂಸ್ಥೆ ಪ್ರಕಟಿಸಿತು. ನವೆಂಬರಿನಲ್ಲಿ ಅನುವಾದಕವೂ ಹಾಟ್‌ಸ್ಪಾಟ್ ಎಂಬ ವರ್ಚುವಲ್ ಮಷೀನೂ ಹೊರಬಂದವು. 2007ರ ಮೇ 8ರಂದು ಗ್ರಂಥಾಲಯದ ಬಹುಭಾಗವೂ ಓಪನ್ ಜೆಡಿಕೆ ಎಂಬ ಹೆಸರಿನಲ್ಲಿ ಹೊರಬಂದಿತು. ಆ ದಾನವನ್ನು ಆಚಾರ್ಯರು ಹೇಳಿದ ನಾಲ್ಕು ಅಂಗಗಳ ಕ್ರಮದಲ್ಲಿ ಪರಿಶೀಲಿಸಬಹುದು.

ಮೊದಲು ದ್ರವ್ಯ. ಕೊಡಬೇಕೆಂದು ಮನಸ್ಸು ಮಾಡಿದ ಮೇಲೆ ಸಂಸ್ಥೆಗೆ ಎದುರಾದ ತೊಡಕು ಕುತೂಹಲಕರವಾದುದು. ತನ್ನದೆಂದು ಜಗತ್ತೆಲ್ಲ ತಿಳಿದಿದ್ದ ಜಾವಾದಲ್ಲಿ ಎಲ್ಲವೂ ತನ್ನದಾಗಿರಲಿಲ್ಲ. ಅಕ್ಷರಗಳ ಆಕಾರವನ್ನು ತೆರೆಯ ಮೇಲೆ ಮೂಡಿಸುವ ಭಾಗ, ಚಿತ್ರದ ಅಂಚುಗಳನ್ನು ನಯಗೊಳಿಸುವ ಭಾಗ, ಬಣ್ಣಗಳನ್ನು ಹೊಂದಿಸುವ ಭಾಗ, ಧ್ವನಿಯನ್ನು ಹೊರಡಿಸುವ ಭಾಗ ಮೊದಲಾದುವನ್ನು ಹಿಂದೆ ಬೇರೆ ಸಂಸ್ಥೆಗಳಿಂದ ಪರವಾನಗಿಯ ಮೇಲೆ ಪಡೆಯಲಾಗಿತ್ತು. ಬಳಸುವ ಹಕ್ಕು ಸನ್ ಸಂಸ್ಥೆಗೆ ಇತ್ತು. ಮತ್ತೊಬ್ಬರಿಗೆ ಕೊಡುವ ಹಕ್ಕು ಇರಲಿಲ್ಲ. ಇಂತಹ ಭಾಗ ಒಟ್ಟಿನಲ್ಲಿ ಸುಮಾರು ಶೇಕಡಾ 4ರಷ್ಟು. ಪ್ರಮಾಣ ಚಿಕ್ಕದಾದರೂ ಅದಿಲ್ಲದೆ ಉಳಿದ ಶೇಕಡಾ 96 ಪೂರ್ಣವಾಗಿ ನಡೆಯದು.

ಪರರ ಸ್ವತ್ತನ್ನು ದಾನ ಮಾಡುವುದು ದಾನವಲ್ಲ. ಸಂಸ್ಥೆಯು ಆ ಭಾಗಗಳ ಮೂಲಪಾಠವನ್ನು ಕೊಡಲಿಲ್ಲ. ಇವು ತನ್ನವಲ್ಲವೆಂದು ಬಹಿರಂಗವಾಗಿ ಗುರುತಿಸಿ, ಯಂತ್ರರೂಪದಲ್ಲಿ ಮಾತ್ರ ಜೊತೆಗಿಟ್ಟು, ಇವುಗಳ ಜಾಗದಲ್ಲಿ ಮುಕ್ತವಾದ ಭಾಗಗಳನ್ನು ತುಂಬಲು ಎಲ್ಲರ ಸಹಾಯವನ್ನು ಬೇಡಿತು. ದಾತನೇ ಯಾಚಕನಾದ ಈ ಸಂದರ್ಭದಲ್ಲಿ ಸಹಾಯ ಬಂದುದು ಬಾಗಿಲಿನ ಹೊರಗೆ ನಿಂತಿದ್ದವರಿಂದಲೇ. 2007ರ ಜೂನ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆಯವರು ಐಸ್ಡ್‌ಟೀ ಎಂಬ ಯೋಜನೆಯನ್ನು ಆರಂಭಿಸಿದರು; ತೆರವಾದ ಜಾಗಗಳಲ್ಲಿ ಕೆಲವನ್ನು ಗ್ನೂ ಕ್ಲಾಸ್‌ಪಾತ್‌ನವರು ವರ್ಷಗಳಿಂದ ಬರೆದಿಟ್ಟಿದ್ದ ಪಾಠದಿಂದಲೇ ತುಂಬಿದರು. ಅಕ್ಷರಗಳಿಗೆ ಫ್ರೀಟೈಪ್, ಬಣ್ಣಕ್ಕೆ ಲಿಟ್ಲ್ ಸಿಎಂಎಸ್, ಧ್ವನಿಗೆ ಗೆರ್ವಿಲ್ ಎಂಬ ಮುಕ್ತ ತಂತ್ರಾಂಶಗಳು ಬಂದು ಸೇರಿದವು. 2008ರ ಜೂನ್‌ನಲ್ಲಿ, ಫೆಡೋರಾ 9 ಎಂಬ ಮುಕ್ತ ವ್ಯವಸ್ಥೆಯೊಳಗಿನ ಜಾವಾವು ಜಾವಾತ್ವವನ್ನು ನಿರ್ಣಯಿಸುವ ಅಧಿಕೃತ ಪರೀಕ್ಷೆಯಲ್ಲಿ ಪೂರ್ಣವಾಗಿ ಉತ್ತೀರ್ಣವಾಯಿತು. ಹತ್ತು ವರ್ಷಗಳ ಹಿಂದೆ ನೋಡದೆ ಬರೆದವರ ಶ್ರಮ, ಕೊಡಲಾಗದೆ ನಿಂತವರ ದಾನವನ್ನು ಪೂರ್ಣಗೊಳಿಸಿತು.

ಎರಡನೆಯದು ವಿಧಿ. ಸನ್ ಸಂಸ್ಥೆ ಆರಿಸಿಕೊಂಡುದು ಸ್ಟಾಲ್‌ಮನ್ ಅವರು ರೂಪಿಸಿದ, 1991ರಲ್ಲಿ ಪ್ರಕಟವಾದ ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿಯನ್ನು. ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಆದರೆ ಹಂಚುವವನು ತಾನು ತಿದ್ದಿದುದರ ಮೂಲಪಾಠವನ್ನೂ ಅದೇ ಸ್ವಾತಂತ್ರ್ಯದೊಡನೆ ಮುಂದಿನವನಿಗೆ ಕೊಡಬೇಕು. ಪಡೆದವನು ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂತಿಲ್ಲ. ಒಬ್ಬನೇ ಬಲಾಢ್ಯನು ಜಾವಾವನ್ನು ಗುಟ್ಟಾಗಿ ತಿದ್ದಿ ತನ್ನದಾಗಿಸಿಕೊಳ್ಳುವನೆಂಬ ಹಳೆಯ ಭಯಕ್ಕೂ ಈ ಷರತ್ತಿನಲ್ಲಿ ತಕ್ಕಮಟ್ಟಿನ ಉತ್ತರವಿತ್ತು. ಬೀಗದಿಂದ ಸಾಧಿಸಬೇಕೆಂದಿದ್ದ ರಕ್ಷಣೆಯ ಬಹುಪಾಲು ಬಿಡುಗಡೆಯಿಂದಲೇ ದೊರೆಯಿತು.

ಇದಕ್ಕೆ ಸೇರಿಸಿದ ವಿನಾಯಿತಿಯೊಂದು ಇನ್ನೂ ಸೂಕ್ಷ್ಮವಾದುದು. ಜಾವಾದ ಗ್ರಂಥಾಲಯವನ್ನು ಬಳಸಿ ಯಾವನಾದರೂ ಸ್ವತಂತ್ರವಾದ ಕೃತಿಯನ್ನು ರಚಿಸಿದರೆ ಆ ಕೃತಿಗೆ ಜಿಪಿಎಲ್‌ನ ಷರತ್ತು ಅನ್ವಯಿಸದು. ಗ್ನೂ ಕ್ಲಾಸ್‌ಪಾತ್‌ನವರು ಮೊದಲೇ ರೂಢಿಗೆ ತಂದಿದ್ದ ಈ ವಿನಾಯಿತಿಯನ್ನೇ ಸನ್ ಸಂಸ್ಥೆಯೂ ಸ್ವೀಕರಿಸಿತು. ತಾನು ಕೊಟ್ಟುದರ ಮೇಲೆ ನಿಯಮ ಹಾಕಬಹುದು. ಪಡೆದವನ ಸ್ವಂತ ದುಡಿಮೆಯ ಮೇಲೆ ಹಕ್ಕು ಸಾಧಿಸಬಾರದು ಎಂಬುದು ಅದರ ತಾತ್ಪರ್ಯ. ದಾನ ಪಡೆದವನನ್ನು ಋಣದಲ್ಲಿ ಸಿಲುಕಿಸದಿರುವುದು ವಿಧಿಯ ಶುದ್ಧಿಗೆ ಸೇರಿದ ಸಂಗತಿ.

ಶಾಸ್ತ್ರದಾನದ ಮಾತು ಬಂದಾಗ ಕನ್ನಡನಾಡಿನ ಜೈನರಿಗೆ ಮೊದಲು ನೆನಪಾಗುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳು. ಸಾವಿರ ಕಡೆ ಸಾವಿರ ಪ್ರತಿಗಳಿದ್ದರೆ ಒಂದು ಊರಿನ ಬೆಂಕಿಗೂ ಒಬ್ಬ ಅರಸನ ಕೋಪಕ್ಕೂ ಕೃತಿ ನಾಶವಾಗದು. ಆಕೆಯ ದಾನದ ಹಿರಿಮೆಯಿರುವುದು ಪ್ರತಿಗಳ ಸಂಖ್ಯೆಯಲ್ಲಿ ಮಾತ್ರವಲ್ಲ. ಪ್ರತಿಯೊಂದು ಪ್ರತಿಯೂ ಮುಂದಿನ ಪ್ರತಿಗೆ ಮೂಲವಾಗಬಲ್ಲದೆಂಬುದರಲ್ಲಿಯೂ ಅದು ಇದೆ. ಮೂಲಪಾಠದೊಡನೆ ಹಂಚಿದ ತಂತ್ರಾಂಶಕ್ಕೆ ಇರುವ ಬಲವೂ ಇದೇ.

ಮೂರನೆಯದು ದಾತೃ. ಇಲ್ಲಿ ಹೊಗಳಿಕೆಗೆ ಮಿತಿ ಇರಬೇಕು. ಸನ್ ಸಂಸ್ಥೆ ಒಂದು ವ್ಯಾಪಾರಿ ಸಂಸ್ಥೆ. ಜಾವಾ ಹೆಚ್ಚು ಕಡೆ ಹರಡಿದರೆ ತನ್ನ ಯಂತ್ರಗಳಿಗೂ ಸೇವೆಗಳಿಗೂ ಬೇಡಿಕೆ ಹೆಚ್ಚುವುದೆಂಬ ಲೆಕ್ಕ ಅದಕ್ಕಿತ್ತು. ಹಳೆಯ ಪರವಾನಗಿಯ ದೆಸೆಯಿಂದ ಅನೇಕ ಮುಕ್ತ ವ್ಯವಸ್ಥೆಗಳೊಳಗೆ ಜಾವಾಕ್ಕೆ ಪ್ರವೇಶವಿರಲಿಲ್ಲವೆಂಬ ಚಿಂತೆಯೂ ಇತ್ತು. ಫಲಾಪೇಕ್ಷೆಯಿಂದ ಮಾಡಿದ ಕಾರ್ಯದಲ್ಲಿ ನಿದಾನವೆಂಬ ಶಲ್ಯ ಅಡಗಿರುವುದೆಂದು ಶಾಸ್ತ್ರ ಹೇಳುವುದು. ಆದುದರಿಂದ ಇದನ್ನು ಧರ್ಮದಾನವೆಂದು ಕರೆಯಲಾಗದು. ಆದರೆ ದಾತೃವಿನ ಭಾವ ಎಷ್ಟೇ ಮಿಶ್ರವಾಗಿದ್ದರೂ ಪಡೆದವನಿಗೆ ಆದ ಉಪಕಾರ ಸುಳ್ಳಾಗುವುದಿಲ್ಲ. ಭಾವದ ಫಲ ಕೊಟ್ಟವನಿಗೆ ಸೇರಿದ್ದು. ವಸ್ತುವಿನ ಉಪಕಾರ ಪಡೆದವನಿಗೆ ಸೇರಿದ್ದು.

ದಾತೃವಿನ ವಿಷಯದಲ್ಲಿ ಇದಕ್ಕಿಂತಲೂ ಗಂಭೀರವಾದ ಪ್ರಶ್ನೆಯೊಂದಿದೆ. ಪರಿಗ್ರಹವೆಂದರೆ ವಸ್ತುವನ್ನು ಹೊಂದಿರುವುದು ಎಂದು ಲೋಕ ತಿಳಿದಿದೆ. ಆಚಾರ್ಯರಾದರೋ ಮೂರ್ಛೆಯೇ, ಎಂದರೆ ನನ್ನದೆಂಬ ಮಮತೆಯೇ, ಪರಿಗ್ರಹವೆಂದು ನಿರ್ಣಯಿಸಿದ್ದಾರೆ. ವಸ್ತು ಕೈಬಿಟ್ಟರೂ ಮಮತೆ ಉಳಿಯಬಹುದು. ಸನ್ ಸಂಸ್ಥೆ ಮೂಲಪಾಠವನ್ನು ಬಿಟ್ಟುಕೊಟ್ಟಿತು; ಆದರೆ ಜಾವಾ ಎಂಬ ಹೆಸರನ್ನೂ, ಇದು ನಿಜವಾದ ಜಾವಾ ಎಂದು ಸಾರುವ ಪರೀಕ್ಷೆಯನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. 2005ರಲ್ಲಿ ಹಾರ್ಮನಿ ಎಂಬ ಹೆಸರಿನ ಸ್ವತಂತ್ರ ಜಾವಾವನ್ನು ಬರೆಯಲು ತೊಡಗಿದ್ದ ಅಪಾಚೆ ಪ್ರತಿಷ್ಠಾನದವರು, ಆ ಪರೀಕ್ಷೆಯನ್ನು ತಮ್ಮ ಕೃತಿಯ ಬಳಕೆಯ ಮೇಲೆ ನಿರ್ಬಂಧವಿಲ್ಲದಂತೆ ಕೊಡಬೇಕೆಂದು 2007ರ ಏಪ್ರಿಲಿನಲ್ಲಿ ಬಹಿರಂಗ ಪತ್ರ ಬರೆದರು. ಅವರು ಬಯಸಿದ ರೀತಿಯಲ್ಲಿ ಅದು ದೊರೆಯಲಿಲ್ಲ. ಜಾವಾದ ಆಡಳಿತ ಸಮಿತಿಯಿಂದ 2010ರ ಡಿಸೆಂಬರಿನಲ್ಲಿ ಅವರು ಹೊರಬಂದರು; ಮರುವರ್ಷ ಹಾರ್ಮನಿ ಯೋಜನೆಯೇ ನಿಂತುಹೋಯಿತು. ಹೆಸರನ್ನು ಕಾಯುವುದು ಮೋಸವನ್ನು ತಡೆಯುವುದಕ್ಕೆ ಅಗತ್ಯವೆಂಬ ವಾದದಲ್ಲಿಯೂ ಸತ್ಯಾಂಶವಿದೆ. ಆದರೆ ಅಗತ್ಯ ಎಲ್ಲಿ ಮುಗಿಯಿತು, ಮಮತೆ ಎಲ್ಲಿ ಆರಂಭವಾಯಿತು ಎಂಬ ಗೆರೆಯನ್ನು ಕೊಟ್ಟವನ ಅಂತರಂಗವಲ್ಲದೆ ಬೇರೆ ಯಾರೂ ಎಳೆಯಲಾರರು.

ಅಷ್ಟರಲ್ಲಿ ದಾತೃವೇ ಬದಲಾಯಿತು. ಆರ್ಥಿಕ ನಷ್ಟಕ್ಕೆ ಸಿಲುಕಿದ್ದ ಸನ್ ಸಂಸ್ಥೆಯನ್ನು ಒರೇಕಲ್ ಸಂಸ್ಥೆ ಕೊಂಡುಕೊಂಡಿತು. ಆ ವ್ಯವಹಾರ 2010ರ ಜನವರಿಯಲ್ಲಿ ಪೂರ್ಣವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊಸ ಒಡೆಯರು ಗೂಗಲ್ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದರು. ಆಂಡ್ರಾಯ್ಡ್ ದೂರವಾಣಿ ವ್ಯವಸ್ಥೆಯನ್ನು ಕಟ್ಟುವಾಗ ಗೂಗಲ್‌ನವರು ಜಿಪಿಎಲ್ ಷರತ್ತಿನ ಜಾವಾವನ್ನು ತೆಗೆದುಕೊಂಡಿರಲಿಲ್ಲ, ಸನ್ ಸಂಸ್ಥೆಯಿಂದ ಬೇರೆ ಪರವಾನಗಿಯನ್ನೂ ಪಡೆದಿರಲಿಲ್ಲ. ಹಾರ್ಮನಿಯ ಪಾಠವನ್ನೂ ತಮ್ಮದನ್ನೂ ಬಳಸಿ, ಜಾವಾ ಬಲ್ಲವರಿಗೆ ಪರಿಚಿತವಾಗಿರಲೆಂದು ಜಾವಾದ 37 ವಿಭಾಗಗಳ ಘೋಷಣೆಗಳನ್ನು, ಸುಮಾರು 11,500 ಸಾಲುಗಳನ್ನು, ಹಾಗೆಯೇ ಉಳಿಸಿಕೊಂಡಿದ್ದರು. ಈ ಸಾಲುಗಳು ಯಾರ ಸ್ವತ್ತು ಎಂಬ ವಿವಾದ ಹತ್ತು ವರ್ಷಕ್ಕೂ ಮೀರಿ ನಡೆದು, 2021ರ ಏಪ್ರಿಲ್ 5ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆರು ಮತ್ತು ಎರಡರ ಬಹುಮತದಿಂದ ಗೂಗಲ್‌ನ ಬಳಕೆ ನ್ಯಾಯಸಮ್ಮತವೆಂದು ತೀರ್ಪಿತ್ತಿತು. ಆ ಸಾಲುಗಳಿಗೆ ಸ್ವಾಮ್ಯವುಂಟೇ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ನ್ಯಾಯಾಲಯ ನಿರ್ಣಯಿಸದೆಯೇ ಬಿಟ್ಟಿತು.

ಇದು ನಾಲ್ಕನೆಯ ಅಂಗವಾದ ಪಾತ್ರದ ವಿಚಾರಕ್ಕೆ ಸೇರುತ್ತದೆ. ಕೊಟ್ಟುದನ್ನು ಕೊಟ್ಟವನ ನಿಯಮದೊಡನೆ ಸ್ವೀಕರಿಸುವುದು ಒಂದು ದಾರಿ. ಕ್ಲಾಸ್‌ಪಾತ್‌ನವರಂತೆ ಸ್ವಂತ ಶ್ರಮದಿಂದ ಬೇರೆಯದನ್ನು ಕಟ್ಟುವುದು ಇನ್ನೊಂದು ದಾರಿ. ಇವೆರಡರ ನಡುವಿನ ದಾರಿಯಲ್ಲಿ ನಡೆದವರು ನ್ಯಾಯಾಲಯದಲ್ಲಿ ಗೆದ್ದಿರಬಹುದು. ಅದಕ್ಕಾಗಿ ಎರಡು ಕಡೆಯವರೂ ಒಂದು ದಶಕದ ದ್ವೇಷವನ್ನು ತೆರಬೇಕಾಯಿತು. ಆ ತೀರ್ಪಿಗೆ ಬಹಳ ಮೊದಲೇ, 2016ರಲ್ಲಿ ಬಂದ ಆಂಡ್ರಾಯ್ಡ್‌ನ ಏಳನೆಯ ಆವೃತ್ತಿಯಿಂದ ಗೂಗಲ್‌ನವರು ಮುಕ್ತವಾದ ಓಪನ್ ಜೆಡಿಕೆಯ ಗ್ರಂಥಾಲಯವನ್ನೇ ಬಳಸತೊಡಗಿದರು. ಬಾಗಿಲು ಅಷ್ಟು ದಿನವೂ ತೆರೆದೇ ಇತ್ತು.

ದಾನದ ನಿಜವಾದ ಬಲ ಕಂಡುದು ಆ ಬಳಿಕದ ವರ್ಷಗಳಲ್ಲಿ. ತನ್ನ ಹೆಸರಿನಲ್ಲಿ ಹಂಚುತ್ತಿದ್ದ ಜಾವಾದ ಎಂಟನೆಯ ಆವೃತ್ತಿಯ ತಿದ್ದುಪಡಿಗಳಿಗೆ 2019ರಿಂದ ವ್ಯಾಪಾರಿ ಬಳಕೆದಾರರು ಶುಲ್ಕ ತೆರಬೇಕೆಂದು ಒರೇಕಲ್ ವಿಧಿಸಿತು. ಅದು ಅದರ ಹಕ್ಕು. ಸೇವೆಗೆ ಶುಲ್ಕ ಕೇಳುವುದು ತಪ್ಪಲ್ಲ. ಇದಕ್ಕೆ ಮೊದಲು, ತಾನು ಹಣಕ್ಕೆ ಮಾರುತ್ತಿದ್ದ ಕೆಲವು ಭಾಗಗಳನ್ನು ಸ್ವತಃ ಒರೇಕಲ್ ಓಪನ್ ಜೆಡಿಕೆಗೆ ಬಿಟ್ಟುಕೊಟ್ಟಿತ್ತೆಂಬುದನ್ನೂ ಹೇಳಬೇಕು. ಆದರೆ ಶುಲ್ಕ ಬೇಡವೆಂದವರು ನಿರಾಶ್ರಿತರಾಗಲಿಲ್ಲ. 2006ರಲ್ಲಿ ಬಿಟ್ಟುಕೊಟ್ಟ ಮೂಲಪಾಠ ಎಲ್ಲರ ಕೈಯಲ್ಲಿತ್ತು. ಅಮೆಜಾನ್, ರೆಡ್ ಹ್ಯಾಟ್ ಮೊದಲಾದ ಸಂಸ್ಥೆಗಳೂ ಸ್ವಯಂಸೇವಕರ ಕೂಟಗಳೂ ಅದೇ ಪಾಠದಿಂದ ಜಾವಾವನ್ನು ಸಿದ್ಧಪಡಿಸಿ ಶುಲ್ಕವಿಲ್ಲದೆ ಹಂಚಿದವು. ಕೊಟ್ಟ ಸಂಸ್ಥೆ ಕಣ್ಮರೆಯಾಗಿತ್ತು, ಹೆಸರು ಪರಹಸ್ತವಾಗಿತ್ತು; ಕೊಟ್ಟ ವಸ್ತು ಮಾತ್ರ ಹಿಂದಕ್ಕೆ ಹೋಗಲಿಲ್ಲ. ಕೊಟ್ಟವನ ಮನಸ್ಸು ಬದಲಾದರೂ, ಕೊಟ್ಟವನೇ ಇಲ್ಲವಾದರೂ ಹಿಂದಕ್ಕೆ ಪಡೆಯಲಾಗದಂತೆ ಕೊಡುವುದೇ ಅತಿಸರ್ಗ, ಪೂರ್ಣವಾದ ತ್ಯಾಗ.

ಈ ಪ್ರಸಂಗವು ದೂರದೇಶದ ವ್ಯಾಪಾರಿಗಳದಾದರೂ ಬಸದಿ, ಮಠ, ಟ್ರಸ್ಟುಗಳ ಆಡಳಿತವನ್ನು ಹೊತ್ತವರಿಗೆ ಹತ್ತಿರದ ಪಾಠವಾಗಬಲ್ಲದು. ಓಲೆಗ್ರಂಥಗಳ ಛಾಯಾಪ್ರತಿ ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯ ಈಗ ಸುಲಭವಾಗಿದೆ. ಸಂಗ್ರಹಿಸಿದುದು ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಸಾಗಿ, ಓಲೆಗೆ ಬದಲಾಗಿ ಗಣಕದ ಪೆಟ್ಟಿಗೆಗೆ ಬೀಗ ಬಿದ್ದರೆ ಪ್ರಯೋಜನ ಅಲ್ಪ. ಚಿತ್ರವನ್ನು ನೋಡಲು ಮಾತ್ರ ಬಿಡುವುದು ದರ್ಶನ. ಪಾಠವನ್ನು ಅಕ್ಷರರೂಪದಲ್ಲಿ, ತಿದ್ದಲು ಮತ್ತು ಮರುಮುದ್ರಿಸಲು ಆಗುವಂತೆ ಕೊಡುವುದು ಶಾಸ್ತ್ರದಾನ.

ಅಂತಹ ದಾನವನ್ನು ಸಂಕಲ್ಪಿಸುವ ಟ್ರಸ್ಟಿನ ಸಭೆ ಮೊದಲು ಕೇಳಿಕೊಳ್ಳಬೇಕಾದುದು, ಇದು ಕೊಡಲು ತಮ್ಮದೇ ಎಂಬ ಪ್ರಶ್ನೆಯನ್ನು. ಪ್ರಾಚೀನ ಆಚಾರ್ಯರ ಗ್ರಂಥ ಸರ್ವರದು. ಆದರೆ ಅದನ್ನು ಶ್ರಮಪಟ್ಟು ಸಂಪಾದಿಸಿದ ವಿದ್ವಾಂಸನ ಪೀಠಿಕೆ, ಟಿಪ್ಪಣಿ, ಅನುವಾದಗಳು ಅವನವು. ಅವನ ಅಥವಾ ಅವನ ಮನೆಯವರ ಒಪ್ಪಿಗೆಯಿಲ್ಲದೆ ಅವನ್ನು ಹಂಚುವುದು ಧರ್ಮಪ್ರಚಾರದ ಹೆಸರಿನಲ್ಲಿ ನಡೆದರೂ ಅದತ್ತಾದಾನವೇ. ಒಪ್ಪಿಗೆ ದೊರೆಯದಿದ್ದಲ್ಲಿ ಆ ಭಾಗವನ್ನು ಬಿಟ್ಟು, ಬಿಟ್ಟಿರುವುದನ್ನು ತಿಳಿಸಿ, ಉಳಿದುದನ್ನು ಕೊಡಬಹುದು. ತೆರವಾದುದನ್ನು ತುಂಬುವವರು ಬಂದೇ ಬರುತ್ತಾರೆ. ಆ ಬಳಿಕ ವಿಧಿಯ ವಿಚಾರ: ಪಡೆದವನು ಅದಕ್ಕೆ ಮತ್ತೆ ಬೀಗ ಹಾಕದಂತೆ, ಆದರೆ ಅವನ ಸ್ವಂತ ದುಡಿಮೆಯ ಮೇಲೆ ಹಕ್ಕು ಸಾಧಿಸದಂತೆ ನಿಯಮ ಮಾಡಬೇಕು. ಈಗಿನ ಆಡಳಿತ ಮಂಡಳಿ ಬದಲಾದರೂ ಅದು ಉಳಿಯುವಂತಿರಬೇಕು.

ಇಷ್ಟೆಲ್ಲ ಆದ ಮೇಲೆಯೂ ಪ್ರತಿಯ ಮೊದಲ ಪುಟದಲ್ಲಿ ಯಾರ ಹೆಸರು ಬರಬೇಕು, ಯಾವ ಊರಿನ ಪ್ರತಿ ಪ್ರಮಾಣವಾಗಬೇಕು ಎಂಬ ಚರ್ಚೆ ಎದ್ದೇ ಏಳುವುದು. ಮೂಲವನ್ನು ಗುರುತಿಸುವ ಮಟ್ಟಿಗೆ ಆ ಚರ್ಚೆ ಅಗತ್ಯವೂ ಹೌದು. ಅದು ಅಗತ್ಯವನ್ನು ಮೀರಿ ಬೆಳೆಯುತ್ತಿದೆಯೆಂದು ಕಂಡ ಕ್ಷಣದಲ್ಲಿ, ಕೊಡಲು ಇನ್ನೂ ಶೇಕಡಾ ನಾಲ್ಕರಷ್ಟು ಉಳಿದಿದೆಯೆಂದು ತಿಳಿಯತಕ್ಕದ್ದು.